ಪಿಕಪ್ ವಾಹನ ಡೀಸೆಲ್ ಹೆಚ್ಚು ಕುಡಿಯುತ್ತಿದೆಯೇ?

ಏಪ್ರಿಲ್‌ನಿಂದ ಜೂನ್‌ವರೆಗಿನ ದಿನಗಳಲ್ಲಿ ಕೆಂಗಲ್ ಆಂಜನೇಯಸ್ವಾಮಿ ದೇವಾಲಯದ ಮುಂದಿನ ರಸ್ತೆಯಲ್ಲಿ ಬೆಳಗಿನ ಜಾವ ನಿಂತು ನೋಡಿದರೆ, ಮಾವಿನ ಕ್ರೇಟುಗಳನ್ನು ತುಂಬಿಕೊಂಡ ಪಿಕಪ್ ವಾಹನಗಳು ಒಂದರ ಹಿಂದೊಂದು ಸಾಗುವುದು ಕಾಣುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಬಾದಾಮಿ, ಸೇಂದೂರ, ರಸಪುರಿ ಹಣ್ಣುಗಳು ಕೋಲಾರದ ಕಡೆಯ ಮಾವಿಗಿಂತ ಮೊದಲೇ ಮಾರುಕಟ್ಟೆಗೆ ಬರುತ್ತವೆ. ಮೊದಲು ಬಂದ ಹಣ್ಣಿಗೆ ಬೆಲೆಯೂ ಉಂಟು. ಆದರೆ ಆ ಬೆಲೆಯಲ್ಲಿ ಎಷ್ಟು ಭಾಗ ಡೀಸೆಲ್ ಬಂಕಿಗೆ ಹೋಯಿತೆಂದು ಲೆಕ್ಕವಿಟ್ಟವರು ವಿರಳ. ಸಾಲ ಮಾಡಿ ವಾಹನ ಕೊಂಡ ರೈತ ಕುಟುಂಬಗಳಲ್ಲಿ ತಿಂಗಳ ಕಂತಿನ ನಂತರದ ದೊಡ್ಡ ಖರ್ಚು ಇಂಧನವೇ ಆಗಿರುತ್ತದೆ. ಕಂತನ್ನು ಕಡಿಮೆ ಮಾಡಲು ಬರುವುದಿಲ್ಲ, ಡೀಸೆಲನ್ನು ಕಡಿಮೆ ಮಾಡಲು ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಒಂದು ಟನ್ನಿನಿಂದ ಒಂದೂ ಮುಕ್ಕಾಲು ಟನ್‌ವರೆಗೆ ಹೊರುವ, ಎರಡರಿಂದ ಎರಡೂವರೆ ಲೀಟರ್ ಗಾತ್ರದ ಡೀಸೆಲ್ ಎಂಜಿನ್ ಇರುವ ದೊಡ್ಡ ಪಿಕಪ್‌ಗಳ ವಿಷಯ. “ಮೈಲೇಜ್ ಬಿದ್ದುಹೋಗಿದೆ” ಎಂಬ ದೂರು ಬಂದೊಡನೆ ಮೆಕ್ಯಾನಿಕ್ಕನ ಬಳಿ ಹೋಗಿ ಪಂಪು ಬಿಚ್ಚಿಸುವುದು ರೂಢಿ. ಅದಕ್ಕೆ ಮುಂಚೆ ಮಾಡಬೇಕಾದ ಕೆಲಸ ಬೇರೆಯೇ ಇದೆ.

ಮೊದಲು ಅಳತೆ

ಡ್ಯಾಶ್‌ಬೋರ್ಡಿನ ಮುಳ್ಳು ನೋಡಿಯಾಗಲಿ, ಐನೂರು ರೂಪಾಯಿ ಡೀಸೆಲ್ ಎಷ್ಟು ದಿನ ಬಂತೆಂಬುದರಿಂದಾಗಲಿ ಮೈಲೇಜ್ ತಿಳಿಯುವುದಿಲ್ಲ. ಒಂದೇ ಬಂಕಿನಲ್ಲಿ, ಸಮತಟ್ಟಾದ ಜಾಗದಲ್ಲಿ ವಾಹನ ನಿಲ್ಲಿಸಿ, ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಬೇಕು. ಆ ಮೇಲೆ ಒತ್ತಿ ಒತ್ತಿ ತುಂಬಿಸಬಾರದು. ಓಡಿದ ಕಿಲೋಮೀಟರನ್ನು ಬರೆದಿಟ್ಟುಕೊಂಡು, 30–40 ಲೀಟರ್ ಖರ್ಚಾಗುವವರೆಗೆ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಬೇಕು. 462 ಕಿ.ಮೀ. ಓಡಿ 42 ಲೀಟರ್ ಹಿಡಿದರೆ ಲೀಟರಿಗೆ 11 ಕಿ.ಮೀ. ಒಂದು ಸಲದ ಲೆಕ್ಕವನ್ನು ನಂಬುವಂತಿಲ್ಲ. ಮೂರು ಸಲವಾದರೂ ಅಳೆದು ಸರಾಸರಿ ತೆಗೆಯಬೇಕು.

ಗೊಬ್ಬರದ ಪ್ರಯೋಗದಲ್ಲಿ ಹೋಲಿಕೆಗಾಗಿ ಒಂದು ತಾಕನ್ನು ಗೊಬ್ಬರ ಹಾಕದೆ ಬಿಡುತ್ತಾರೆ. ಒಂದೇ ಸಲ ತಳಿಯನ್ನೂ ಗೊಬ್ಬರವನ್ನೂ ನೀರನ್ನೂ ಬದಲಿಸಿದರೆ ಇಳುವರಿ ಯಾವುದರಿಂದ ಹೆಚ್ಚಿತೆಂದು ಹೇಳಲಾಗದು. ವಾಹನಕ್ಕೂ ಇದೇ ಕ್ರಮ. ಫಿಲ್ಟರ್, ಟೈರು, ಎಣ್ಣೆ ಎಲ್ಲವನ್ನೂ ಒಂದೇ ದಿನ ಬದಲಿಸಿದವರಿಗೆ ಯಾವ ಹಣ ದುಡಿಯಿತು, ಯಾವ ಹಣ ಪೋಲಾಯಿತು ಎಂಬುದು ಎಂದಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಸಣ್ಣ ಎಚ್ಚರಿಕೆಯೂ ಉಂಟು. ಮೊದಲಿಗಿಂತ ದೊಡ್ಡ ಅಳತೆಯ ಟೈರು ಹಾಕಿಸಿದರೆ ಮೀಟರು ನಿಜವಾದ ದೂರಕ್ಕಿಂತ ಕಡಿಮೆ ತೋರಿಸುತ್ತದೆ. ಆಗ ಬಿದ್ದಿರುವುದು ಮೈಲೇಜ್ ಅಲ್ಲ, ಲೆಕ್ಕ.

ಕಿಲೋಮೀಟರಿಗೋ, ಕ್ವಿಂಟಾಲಿಗೋ?

ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದು ವಾಹನದ ಆರೋಗ್ಯ ತಿಳಿಯಲು ಸರಿಯಾದ ಅಳತೆ. ಆದರೆ ರೈತನ ಲಾಭ ತಿಳಿಯಲು ಅದು ಸಾಲದು. ಒಂದು ಉದಾಹರಣೆ ನೋಡಬಹುದು. ಮಾರುಕಟ್ಟೆಗೆ ಹೋಗಿಬರಲು 120 ಕಿ.ಮೀ. ಎಂದಿಟ್ಟುಕೊಳ್ಳೋಣ. ಕ್ರೇಟಿಗೆ 20 ಕಿಲೋದಂತೆ 60 ಕ್ರೇಟು, ಅಂದರೆ 12 ಕ್ವಿಂಟಾಲ್ ಹೇರಿದ ವಾಹನ 10 ಲೀಟರ್ ಡೀಸೆಲ್ ತೆಗೆದುಕೊಂಡರೆ ಕ್ವಿಂಟಾಲಿಗೆ ಬೀಳುವುದು ಸುಮಾರು 0.83 ಲೀಟರ್. ಅದೇ ವಾಹನ 30 ಕ್ರೇಟು ಹೇರಿಕೊಂಡು 9 ಲೀಟರಿನಲ್ಲಿ ಹೋಗಿಬಂದರೆ ಮೈಲೇಜ್ 12ರಿಂದ 13.3ಕ್ಕೆ ಏರಿದಂತೆ ಕಾಣುತ್ತದೆ. ಕ್ವಿಂಟಾಲಿನ ಖರ್ಚು ಮಾತ್ರ 1.5 ಲೀಟರಿಗೆ ಹತ್ತಿರ ಹತ್ತಿರ ಇಮ್ಮಡಿಯಾಗಿರುತ್ತದೆ! ಅಕ್ಕಪಕ್ಕದ ಇಬ್ಬರು ತೋಟದವರು ಕೊಯ್ಲಿನ ದಿನವನ್ನು ಹೊಂದಿಸಿಕೊಂಡು ಒಂದೇ ವಾಹನದಲ್ಲಿ ಹಣ್ಣು ಕಳುಹಿಸಿದರೆ ಆಗುವ ಉಳಿತಾಯವನ್ನು ಯಾವ ಮೆಕ್ಯಾನಿಕ್ಕನೂ ಮಾಡಿಕೊಡಲಾರ. ಹಿಂದಿರುಗುವಾಗ ಗೊಬ್ಬರವನ್ನೋ ಪಶು ಆಹಾರವನ್ನೋ ಹೇರಿಕೊಂಡು ಬಂದರೆ ಬರಿಗಾಡಿಯ ಓಟವೂ ತಪ್ಪುತ್ತದೆ.

ಹಾಗೆಂದು ಮಿತಿಮೀರಿ ಹೇರುವುದು ಉಳಿತಾಯವಲ್ಲ. ನೋಂದಣಿ ಪತ್ರದಲ್ಲಿ ನಮೂದಾಗಿರುವ ತೂಕವನ್ನು ಮೀರುವುದು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧ. ಅದಲ್ಲದೆ ಟೈರು, ಪಟ್ಟಿ, ಕ್ಲಚ್ಚು, ಬ್ರೇಕು ಎಲ್ಲವೂ ಬೇಗ ಸವೆದು, ಡೀಸೆಲಿನಲ್ಲಿ ಉಳಿದ ಹಣ ಗ್ಯಾರೇಜಿಗೆ ಹೋಗುತ್ತದೆ. ಕೆಳಗಿನ ಸಾಲಿನ ಹಣ್ಣು ಜಜ್ಜಿದರೆ ಆ ನಷ್ಟ ಬೇರೆ.

ಗಾಳಿಯ ಕಂದಾಯ

ಒಂದು ಲೀಟರ್ ಡೀಸೆಲಿನಲ್ಲಿರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದುದು ಹೊಗೆಯಲ್ಲೂ ರೇಡಿಯೇಟರಿನಲ್ಲೂ ಶಾಖವಾಗಿ ಹೋಗುತ್ತದೆ. ದಕ್ಕಿದ ಒಂದು ಪಾಲನ್ನು ಕಬಳಿಸುವವರು ಮೂವರು: ಎದುರು ಗಾಳಿಯ ಒತ್ತಡ, ಟೈರಿನ ಉರುಳುವಿಕೆಗೆ ಬರುವ ತಡೆ ಮತ್ತು ಬ್ರೇಕು.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು 9 ಪಾಲು ಇದ್ದರೆ 80ರಲ್ಲಿ 16 ಪಾಲು, 100ರಲ್ಲಿ 25 ಪಾಲು. ಪಿಕಪ್ ವಾಹನದ ಮುಖ ಚಪ್ಪಟೆ, ಹಿಂದೆ ಪೆಟ್ಟಿಗೆಯಂಥ ತೊಟ್ಟಿ. ಕಾರಿನಂತೆ ಗಾಳಿಯನ್ನು ಸೀಳಿಕೊಂಡು ಹೋಗುವ ರೂಪ ಅದಕ್ಕಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಮೇಲೆ ಈ ಭಾಗದ ಚಾಲಕರಿಗೆ ವೇಗದ ರುಚಿ ಹತ್ತಿದೆ. 40 ಕಿ.ಮೀ. ದೂರವನ್ನು 60ರ ವೇಗದಲ್ಲಿ ಕ್ರಮಿಸಲು 40 ನಿಮಿಷ, 80ರ ವೇಗದಲ್ಲಿ 30 ನಿಮಿಷ ಬೇಕು. ಉಳಿದ ಹತ್ತು ನಿಮಿಷ ಮಾರುಕಟ್ಟೆಯ ಗೇಟಿನ ಮುಂದಿನ ಸಾಲಿನಲ್ಲಿ ಕಳೆದುಹೋಗುವುದೇ ಹೆಚ್ಚು. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ಇಂಥ ಹೆದ್ದಾರಿಯಲ್ಲಿ ಸರಕು ವಾಹನಗಳ ಗರಿಷ್ಠ ಮಿತಿಯೂ 80 ಮಾತ್ರ. ಎಡ ಪಥದಲ್ಲಿ 60–65ರ ಒಂದೇ ಹದದಲ್ಲಿ ಹೋಗುವುದು ಡೀಸೆಲಿಗೂ ಹಣ್ಣಿಗೂ ಕ್ಷೇಮ.

ಹಾಗಾದರೆ ಟೋಲ್ ಇಲ್ಲದ ಹಳೆಯ ರಸ್ತೆಯೇ ಮೇಲಲ್ಲವೇ ಎಂದು ಕೇಳಬಹುದು. ಕೆಂಗಲ್ ಇರುವುದು ಹಳೆಯ ರಸ್ತೆಯ ಮೇಲೆಯೇ, ಹೊಸ ಹೆದ್ದಾರಿ ರಾಮನಗರ ಮತ್ತು ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ರಾಮನಗರ, ಬಿಡದಿ ಊರುಗಳ ಉಬ್ಬು, ಸಿಗ್ನಲ್, ಸಂತೆ ಎಲ್ಲವೂ ಎದುರಾಗುತ್ತವೆ. ತುಂಬಿದ ವಾಹನ ಮೂರು ಟನ್ನಿನಷ್ಟು ತೂಗುತ್ತದೆ. ಅದನ್ನು ಒಮ್ಮೆ ನಿಲ್ಲಿಸಿ ಮತ್ತೆ ವೇಗಕ್ಕೆ ತರುವಾಗ ಖರ್ಚಾಗುವ ಡೀಸೆಲ್, ಬ್ರೇಕ್ ತುಳಿದ ಪ್ರತಿ ಸಲವೂ ಶಾಖವಾಗಿ ಹೋಗುತ್ತದೆ. ಆದ್ದರಿಂದ ತುಂಬಿದ ಗಾಡಿಗೆ ಹೊಸ ರಸ್ತೆ, ಖಾಲಿ ಗಾಡಿಗೆ ಹಳೆಯ ರಸ್ತೆ ಎಂಬ ಏರ್ಪಾಡು ಅನೇಕರಿಗೆ ಹೊಂದೀತು. ಎರಡನ್ನೂ ಅಳೆದು, ಟೋಲಿನ ಹಣವನ್ನೂ ಸೇರಿಸಿ ನಿರ್ಧರಿಸುವುದು ಒಳ್ಳೆಯದು.

ಖಾಲಿ ಕ್ರೇಟುಗಳನ್ನು ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿ ತರುವುದೂ, ಪಟಪಟ ಬಡಿಯುವಂತೆ ಟಾರ್ಪಾಲನ್ನು ಸಡಿಲವಾಗಿ ಕಟ್ಟುವುದೂ ಗಾಳಿಗೆ ಕೊಡುವ ಕಂದಾಯವೇ. ಕ್ರೇಟುಗಳನ್ನು ಒಂದರೊಳಗೊಂದು ಕೂಡಿಸಲು ಬರುವಂತಿದ್ದರೆ ಹಾಗೆಯೇ ತರಬೇಕು.

ಟೈರು ಮತ್ತು ಬ್ರೇಕು

ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿಕೊಂಡು ಬಿಸಿಯಾಗುತ್ತದೆ, ಆ ಬಿಸಿ ಬಂದುದು ಡೀಸೆಲಿನಿಂದ. ತುಂಬಿದ ಗಾಡಿಯ ಹಿಂದಿನ ಟೈರಿಗೆ ಬೇಕಾದ ಒತ್ತಡ ಖಾಲಿ ಗಾಡಿಯದಕ್ಕಿಂತ ಹೆಚ್ಚು. ಬಾಗಿಲಿನ ಬಳಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಇವೆರಡನ್ನೂ ಕೊಟ್ಟಿರುತ್ತಾರೆ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಓಡಿ ಬಿಸಿಯಾದ ಟೈರು ಹೆಚ್ಚು ಒತ್ತಡ ತೋರಿಸಿ ಮೋಸ ಮಾಡುತ್ತದೆ. ಸ್ವಂತ ಗೇಜ್ ಇಟ್ಟುಕೊಂಡವರು ನಷ್ಟಪಡುವುದಿಲ್ಲ.

ಮೈಲೇಜ್ ಏಕಾಏಕಿ ಬಿದ್ದಿದ್ದರೆ ಬ್ರೇಕಿನ ಮೇಲೆ ಮೊದಲ ಅನುಮಾನವಿರಲಿ. ಹತ್ತಿಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಬಳಿ ಕೈ ಹಿಡಿದು ನೋಡಬೇಕು, ಮುಟ್ಟಬಾರದು. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೆಟ್ಟಿದೆ ಎಂದರ್ಥ. ಜಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದರೆ ಸಂಶಯ ಪರಿಹಾರವಾಗುತ್ತದೆ. ಟೈರಿನ ಒಂದು ಅಂಚು ಮಾತ್ರ ಸವೆಯುತ್ತಿದ್ದರೆ ಅಲೈನ್‌ಮೆಂಟ್ ಮಾಡಿಸಬೇಕು.

ತಣ್ಣನೆಯ ಎಂಜಿನ್

ಗೂಡು ಸಾಗಿಸುವವರ ಕಷ್ಟ ಬೇರೆ ಬಗೆಯದು. ರೇಷ್ಮೆ ಗೂಡು ಹಗುರ, ರಾಮನಗರದ ಗೂಡಿನ ಮಾರುಕಟ್ಟೆಯೂ ಹತ್ತಿರ. ಹೀಗಿದ್ದೂ ಮೈಲೇಜ್ ಬರುವುದಿಲ್ಲ. ಕಾರಣವೆಂದರೆ ಹತ್ತು ಕಿ.ಮೀ. ಓಟದಲ್ಲಿ ಹೆಚ್ಚು ಪಾಲು ಎಂಜಿನ್ ಬಿಸಿಯಾಗುವುದರಲ್ಲೇ ಕಳೆಯುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಎಣ್ಣೆ ಮಂದ, ಘರ್ಷಣೆ ಹೆಚ್ಚು. ಇದನ್ನು ಇನ್ನಷ್ಟು ಕೆಡಿಸುವುದು ಥರ್ಮೋಸ್ಟಾಟ್ ಎಂಬ ಸಣ್ಣ ಕವಾಟವನ್ನು ಕಿತ್ತೆಸೆಯುವ ಅಭ್ಯಾಸ. ಎಂಜಿನ್ನಿನ ನೀರು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಏರುವ ತನಕ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವುದೇ ಈ ಕವಾಟದ ಕೆಲಸ. ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆಂದು ಅದನ್ನು ತೆಗೆಸಿದ ವಾಹನ ವರ್ಷವಿಡೀ ತಣ್ಣಗೇ ಓಡುತ್ತದೆ, ಹೆಚ್ಚು ಡೀಸೆಲ್ ಕುಡಿಯುತ್ತದೆ. ಶಾಖದ ಮುಳ್ಳು ಅರ್ಧ ಗಂಟೆ ಓಡಿದ ಮೇಲೂ ತಳದಲ್ಲೇ ಇದ್ದರೆ ಹಾಗೇ ಆಗಿರುವ ಸಂಭವ ಹೆಚ್ಚು. ಎಂಜಿನ್ ಕಾಯುವುದಕ್ಕೆ ನಿಜವಾದ ಕಾರಣ ಬೇರೆ ಕಡೆ ಇರುತ್ತದೆ. ರಸ್ತೆಯಲ್ಲಿ ಹರಡಿದ ರಾಗಿ, ಹುರುಳಿಯ ಮೇಲೆ ಹಾದುಹೋದ ವಾಹನದ ರೇಡಿಯೇಟರಿನ ಸಂದುಗಳಲ್ಲಿ ಹೊಟ್ಟು ಸಿಕ್ಕಿಕೊಂಡಿರುವುದೂ ಉಂಟು. ರಸ್ತೆಯ ಒಕ್ಕಣೆಯಿಂದ ಧಾನ್ಯಕ್ಕೆ ಕಲ್ಲು, ಚಕ್ರದ ನಡುವೆ ಸಿಕ್ಕಿದ ಹುಲ್ಲಿಗೆ ಬೆಂಕಿ ಎಂಬ ಅಪಾಯಗಳನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್–6 ಕ್ರಮದ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದ್ದರೆ ಬರೀ ಸಣ್ಣ ಓಟಗಳು ಅದಕ್ಕೂ ಒಗ್ಗುವುದಿಲ್ಲ. ಮಸಿಯನ್ನು ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಬಳಸುತ್ತದೆ, ಸುಡುವಿಕೆ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ. ಫಿಲ್ಟರಿನ ದೀಪ ಹೊತ್ತಿಕೊಂಡಾಗ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು.

ಕೆಲವು ತಪ್ಪು ನಂಬಿಕೆಗಳು

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆಂಬುದು ಹಳೆಯ ನಂಬಿಕೆ. ಈಗಿನ ಎಂಜಿನ್ನಿನಲ್ಲಿ ಗೇರಿನಲ್ಲಿಯೇ ಇಟ್ಟು ಎಕ್ಸಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಬರಿದೇ ತಿರುಗಲು ಡೀಸೆಲ್ ಬೇಕು. ಜೊತೆಗೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ತುಂಬಿದ ಗಾಡಿಯಲ್ಲಿ ಇದು ಪ್ರಾಣಕ್ಕೇ ಸಂಚಕಾರ.

ಡೀಸೆಲ್ ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಮುಂತಾದವನ್ನು ಸಂತೆ ಜಾತ್ರೆಗಳಲ್ಲಿ ಮಾರುವವರಿದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದಾಗ ಬೆರಳೆಣಿಕೆಯಷ್ಟು ಮಾತ್ರ ಅಲ್ಪಸ್ವಲ್ಪ ಪ್ರಯೋಜನ ತೋರಿಸಿದವು. ಆ ಹಣದಲ್ಲಿ ಒಂದು ಏರ್ ಫಿಲ್ಟರ್ ಬರುತ್ತದೆ. ಸೀಮೆಎಣ್ಣೆ ಬೆರೆಸುವುದಂತೂ ಪಂಪಿಗೂ ಇಂಜೆಕ್ಟರಿಗೂ ಕೇಡು.

ಏರ್ ಫಿಲ್ಟರನ್ನು ಮಣ್ಣುರಸ್ತೆಯ ಓಡಾಟವಿರುವ ತಿಂಗಳುಗಳಲ್ಲಿ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗನೆ ನೋಡಬೇಕು. ಗಾಳಿ ಊದಿ ಸ್ವಚ್ಛ ಮಾಡುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಊದಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಅಳತೆಯಲ್ಲಿ ಏರಿಕೆ ಕಾಣದಿದ್ದರೆ ಆಗ ಗ್ಯಾರೇಜಿಗೆ ಹೋಗಬೇಕು, ಬರೆದಿಟ್ಟ ಪುಸ್ತಕದ ಸಮೇತ. ಹೊಗೆ ಕಪ್ಪಾಗಿದ್ದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ, ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಸುಡುತ್ತಿದೆ, ಏರಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಈ ಮೂರರಲ್ಲಿ ಯಾವುದನ್ನು, ಯಾವ ತಾರೀಖಿನಿಂದ ಕಂಡದ್ದೆಂದು ಹೇಳಬಲ್ಲ ಯಜಮಾನನ ಗಾಡಿಯಲ್ಲಿ ಮೆಕ್ಯಾನಿಕ್ ಬೇಡದ ಭಾಗಗಳನ್ನು ಬಿಚ್ಚುವುದು ಕಡಿಮೆ.