ಮಬ್ಬು ಹಗಲಿನ ಮನೆಗೆ ಹಿತ್ತಾಳೆಯ ಬೆಳಕು

ಡಿಸೆಂಬರ್ ಬಂತೆಂದರೆ ಆಮ್‌ಸ್ಟರ್‌ಡ್ಯಾಮ್ ಸೀಮೆಯಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಸ್ಕಿಪೋಲ್ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ಬಾಡ್‌ಹೂವೆಡಾರ್ಪ್‌ನಂಥ ಊರಿನಲ್ಲಿ ಹಳೆಯ ಹಿತ್ತಾಳೆಯಿಂದ ಮನೆ ಸಿಂಗರಿಸುವವರು ಮೊದಲು ಲೆಕ್ಕ ಹಾಕಬೇಕಾದದ್ದು ಬೆಳಕನ್ನು.

ಊರು ತೀರಾ ಹಳೆಯದಲ್ಲ. ಹಾರ್ಲೆಮರ್‌ಮೇರ್ ಎಂಬ ವಿಶಾಲ ಸರೋವರದ ನೀರನ್ನು ಉಗಿಯಂತ್ರಗಳಿಂದ ಎತ್ತಿ ಹಾಕಿ 1852ರಲ್ಲಿ ನೆಲ ಮಾಡಿಕೊಂಡರು. 1854ರಲ್ಲಿ ಯಾಕೋಬ್ ಪೌಲಸ್ ಆಮರ್ಸ್‌ಫೋರ್ಟ್ ಅಲ್ಲಿ ಕಟ್ಟಿಸಿದ ‘ಬಾಡ್‌ಹೂವೆ’ ಎಂಬ ಬೇಸಾಯದ ಮನೆಯೇ ಊರಿಗೆ ಹೆಸರು ಕೊಟ್ಟಿತು.

ಡಚ್ಚರಿಗೂ ಹಿತ್ತಾಳೆಗೂ ನಂಟು ಇದಕ್ಕಿಂತ ಬಹಳ ಹಿಂದಿನದು. 1675ರಲ್ಲಿ ಕಟ್ಟಿದ ಆಮ್‌ಸ್ಟರ್‌ಡ್ಯಾಮಿನ ಪೋರ್ಚುಗೀಸ್ ಯಹೂದಿ ಮಂದಿರದ ಒಳಗೆ ಇಂದಿಗೂ ವಿದ್ಯುದ್ದೀಪವಿಲ್ಲ. ಹಿತ್ತಾಳೆಯ ಭಾರೀ ತೂಗುದೀಪಗಳಲ್ಲಿ ಮತ್ತು ಕಂಬಗಳಲ್ಲಿ ಸಾವಿರದಷ್ಟು ಮೇಣದಬತ್ತಿ ಉರಿಯುತ್ತವೆ. ಆ ಕಾಲದ ಡಚ್ ತೂಗುದೀಪದ ನಡುವೆ ಒಂದು ದೊಡ್ಡ ಗುಂಡು, ಅದರ ಸುತ್ತ ಬಾಗಿದ ತೋಳುಗಳು. ಉಜ್ಜಿ ನಯಗೊಳಿಸಿದ ಗುಂಡು ಸುತ್ತಲಿನ ಜ್ವಾಲೆಗಳನ್ನೆಲ್ಲ ಪ್ರತಿಫಲಿಸಿ ಕೋಣೆಗೆ ಮರಳಿಸುತ್ತದೆ. ಡಚ್ ಚಿತ್ರಕಾರ ವರ್ಮೀರ್‌ನ ‘ಚಿತ್ರಕಲೆ’ ಎಂಬ ಹೆಸರಾಂತ ಚಿತ್ರದಲ್ಲೂ ಇಂಥದೊಂದು ತೂಗುದೀಪವಿದೆ.

ನಮ್ಮ ಮಲೆನಾಡು, ಕರಾವಳಿಯ ಹಳೆಯ ಮನೆಗಳೂ ಇದೇ ಉಪಾಯ ಬಲ್ಲವು. ಕಿರಿದಾದ ಕಿಟಕಿಗಳ ನಡುಮನೆಯಲ್ಲಿ ಕಾಲುದೀಪ, ತೂಗುದೀಪ, ಬೆಳಗಿದ ತಂಬಿಗೆ ಸಣ್ಣ ಬತ್ತಿಯ ಬೆಳಕನ್ನೇ ಹಿಗ್ಗಿಸುತ್ತಿದ್ದವು. ಧರ್ಮಸ್ಥಳದ ಮಂಜೂಷಾ ವಸ್ತು ಸಂಗ್ರಹಾಲಯದಲ್ಲೂ ವಿಜಯನಾಥ ಶೆಣೈ ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಗ್ರಾಮದಲ್ಲೂ ಹಳೆಯ ಮನೆಗಳ ಬಳಕೆವಸ್ತುಗಳನ್ನು ನೋಡಬಹುದು.

ಹಾಗಾಗಿ ನಮ್ಮೂರಿನಿಂದ ಒಯ್ದ ಅಜ್ಜಿಯ ದೀಪವೂ ಡಚ್ ನಾಡಿನಲ್ಲೇ ಕೊಂಡ ಮೇಣದಬತ್ತಿಯ ಕಂಬವೂ ಒಂದೇ ಕೋಣೆಯಲ್ಲಿ ಚೆನ್ನಾಗಿ ಹೊಂದುತ್ತವೆ. ಡಚ್ ಮನೆಗಳ ಅಗಲವಾದ ಕಿಟಕಿಕಟ್ಟೆಯ ಮೇಲೆ ವಸ್ತುಗಳನ್ನು ಜೋಡಿಯಾಗಿ ಇಡುವ ರೂಢಿಯಿದೆ. ಎರಡು ಚೊಂಬುಗಳಿಗೆ ಅದು ಹೇಳಿ ಮಾಡಿಸಿದ ಜಾಗ. ಗೋಡೆಗೆ ಕಡುನೀಲಿ ಅಥವಾ ಹಸಿರು ಬಣ್ಣವಿದ್ದರೆ ಹಿತ್ತಾಳೆ ಎದ್ದು ಕಾಣುತ್ತದೆ. ಹಂಡೆಯಂಥ ದೊಡ್ಡ ಪಾತ್ರೆ ಒಂದಿದ್ದರೆ ಸಾಕು; ಅದನ್ನು ದೀಪದ ಎದುರಿಗಿಡಬೇಕು, ಕತ್ತಲ ಮೂಲೆಗಲ್ಲ.

ಹಳೆಯ ಹಿತ್ತಾಳೆಯ ಹುಡುಕಾಟಕ್ಕೆ ಅಲ್ಲಿ ‘ಕ್ರಿಂಗ್‌ಲೋಪ್’ ಎಂಬ ಹಳೆ ಸಾಮಾನಿನ ಅಂಗಡಿಗಳಿವೆ. ಏಪ್ರಿಲ್ 27ರ ‘ರಾಜದಿನ’ವೆಂಬ ಡಚ್ ಹಬ್ಬದಂದು ಜನ ಬೀದಿಯಲ್ಲೇ ಮನೆಯ ಹಳೆಯ ವಸ್ತುಗಳನ್ನು ಹರವಿ ಮಾರುತ್ತಾರೆ. ಒಲೆಯ ಕೆಂಡವನ್ನು ಮುಚ್ಚಿ ಆರಿಸುತ್ತಿದ್ದ ಮುಚ್ಚಳದ ಪಾತ್ರೆ ‘ಡೋಫ್‌ಪಾಟ್’ ಈಗ ಹೂಕುಂಡವಾಗಿ ಬಳಕೆಗೆ ಬರುತ್ತದೆ. 1970ರ ದಶಕದ ಗಾಜು-ಹಿತ್ತಾಳೆಯ ಮೇಜುಗಳೂ ಇಂಥ ಕಡೆ ಸಿಗುತ್ತವೆ.

ಕೊಳ್ಳುವಾಗ ಜೇಬಿನಲ್ಲೊಂದು ಅಯಸ್ಕಾಂತ ಇರಲಿ. ತಾಮ್ರ, ಸತುವಿನ ಮಿಶ್ರಣವಾದ ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. 19ನೇ ಶತಮಾನದ ಹಿತ್ತಾಳೆ ಮಂಚಗಳ ಮಾತು ಬೇರೆ: ಅವುಗಳಲ್ಲಿ ಕಬ್ಬಿಣದ ಕೊಳವೆಗೆ ಹಿತ್ತಾಳೆ ಹೊದಿಸುವುದು ರೂಢಿಯಲ್ಲೇ ಇತ್ತು. ಮರದ ಮಂಚದ ಸಂದುಗಳಲ್ಲಿ ಸೇರುವ ತಿಗಣೆಗೆ ಲೋಹದಲ್ಲಿ ಅಷ್ಟು ಆಸರೆ ಸಿಗದು ಎಂಬುದೂ ಅವು ಜನಪ್ರಿಯವಾಗಲು ಒಂದು ಕಾರಣ.

ಬೆಳಗಲು ಹುಣಸೆಹಣ್ಣು, ಉಪ್ಪು ಸಾಕು. ಹುಳಿ ಕಿಲುಬನ್ನು ಕರಗಿಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸತು ಹೋಗಿ ಮೈ ಕೆಂಪೇರುತ್ತದೆ, ಆದ್ದರಿಂದ ಬೇಗ ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು. ಮೆರುಗೆಣ್ಣೆ ಹಚ್ಚಿದ ವಸ್ತುವಾದರೆ ಹುಣಸೆ ಬೇಡ, ಒದ್ದೆ ಬಟ್ಟೆಯಷ್ಟೇ ಸಾಕು. ಹಳೆಯ ವಿದ್ಯುತ್ ತೂಗುದೀಪವನ್ನಂತೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ ವೈರು ಬದಲಿಸಿ, ಅರ್ಥಿಂಗ್ ಮಾಡಿಸಿದ ಮೇಲೆಯೇ ತೂಗುಹಾಕಬೇಕು. ಸವೆದ ವೈರು ತಾಗಿದರೆ ದೀಪದ ಮೈಯೆಲ್ಲ ಕರೆಂಟು ಹರಿದೀತು.