ಉಳಿದದ್ದು ಬರೀ 9 ನಿಮಿಷ

ಸೈನಿಕನ ದಳ ಅಲ್ಜೀರಿಯಕ್ಕೆ ಹೊರಟಿದೆ. ವಿದಾಯ ಹೇಳಲು ಅವನು ಪ್ರಿಯತಮೆಯ ಕೋಣೆಗೆ ಬಂದಿದ್ದಾನೆ. ಹೋಗಲು ಅವನಿಗೆ ಮನಸ್ಸಿಲ್ಲ, ಕಳಿಸಲು ಅವಳಿಗೆ ಮನಸ್ಸಿಲ್ಲ. ಮಾತಿಲ್ಲದ ಈ ದೃಶ್ಯ ಸುಮಾರು 9 ನಿಮಿಷ ಓಡಿ ನಿಂತುಬಿಡುತ್ತದೆ. ಮುಂದಿನ ರೀಲು ಇದುವರೆಗೆ ಎಲ್ಲೂ ಸಿಕ್ಕಿಲ್ಲ.

ಇದು 1928ರಲ್ಲಿ ತೆರೆಕಂಡ ಹಾಲಿವುಡ್‌ನ ಮೂಕಿ ಚಿತ್ರ ‘ದಿ ಡಿವೈನ್ ವುಮನ್’. ನಾಯಕಿ ಗ್ರೆಟಾ ಗಾರ್ಬೊ, ನಾಯಕ ಲಾರ್ಸ್ ಹ್ಯಾನ್ಸನ್, ನಿರ್ದೇಶಕ ವಿಕ್ಟರ್ ಶೋಸ್ಟ್ರೋಮ್. ಮೂವರೂ ಸ್ವೀಡನ್ನಿನಿಂದ ಬಂದವರು. ಚಿತ್ರದಲ್ಲಿ ಮಾತೇ ಇಲ್ಲದ್ದರಿಂದ ಇಂಗ್ಲಿಷ್ ಉಚ್ಚಾರಣೆಯ ತೊಂದರೆ ಯಾರಿಗೂ ಇರಲಿಲ್ಲ!

ಕಥೆ ನಮಗೆ ಗೊತ್ತು. ಹಳ್ಳಿಯಿಂದ ಪ್ಯಾರಿಸ್ಸಿಗೆ ಬಂದ ಮರಿಯಾನ್‌ಳನ್ನು ಲೂಸಿಯನ್ ಎಂಬ ಸೈನಿಕ ಪ್ರೀತಿಸುತ್ತಾನೆ. ಅವಳಿಗಾಗಿ ಸೈನ್ಯ ಬಿಡುತ್ತಾನೆ, ಅವಳಿಗೊಂದು ಉಡುಪು ಕದ್ದು ಜೈಲು ಸೇರುತ್ತಾನೆ. ಅವಳು ರಂಗಭೂಮಿಯ ದೊಡ್ಡ ತಾರೆಯಾಗುತ್ತಾಳೆ. ಆದರೆ ಕಥಾಸಾರ ಓದಿ ಸಿನಿಮಾ ಗೊತ್ತಾಯಿತು ಅನ್ನುವುದು, ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಕಾದಂಬರಿ ಗೊತ್ತು ಅಂದ ಹಾಗೆ. ಆ 9 ನಿಮಿಷ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಗಾರ್ಬೊ ಎಂದರೆ ಗಂಭೀರ, ದೂರದ, ನಿಗೂಢ ಮುಖ ಎಂಬ ಮಾತಿದೆ. 1939ರಲ್ಲಿ ‘ನಿನೋಚ್ಕ’ ಬಂದಾಗ ಗಾರ್ಬೊ ನಗುತ್ತಾಳೆ ಎಂಬುದನ್ನೇ ಜಾಹೀರಾತು ಮಾಡಿದರು. ಇಲ್ಲಿ 22ರ ಗಾರ್ಬೊ ಚೆಲ್ಲುಚೆಲ್ಲಾಗಿ, ಲವಲವಿಕೆಯಿಂದ, ಒಂದು ಕ್ಷಣ ಮುನಿದು ಮರುಕ್ಷಣ ಅಪ್ಪಿಕೊಳ್ಳುವ ಹುಡುಗಿ. ಯಾವ ಕಥಾಸಾರವೂ ಇದನ್ನು ಹೇಳುವುದಿಲ್ಲ.

ಉಳಿದ ರೀಲುಗಳು ಏನಾದವು? ಟಾಕಿಗಳು ಬಂದ ಮೇಲೆ ಮೂಕಿ ಚಿತ್ರಗಳನ್ನು ಕೇಳುವವರೇ ಇರಲಿಲ್ಲ. ಇನ್ನೊಮ್ಮೆ ಬಿಡುಗಡೆ ಮಾಡಿದರೆ ದುಡ್ಡು ಬರದು, ಇಟ್ಟುಕೊಂಡರೆ ಜಾಗ ಬೇಕು. ಆಗಿನ ಫಿಲಂ ನೈಟ್ರೇಟಿನದು. ಕಿಡಿ ತಾಗಿದರೆ ಸಾಕು ಹೊತ್ತಿಕೊಳ್ಳುತ್ತದೆ, ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಬೆಂಕಿ ಬೀಳದಿದ್ದರೂ ಡಬ್ಬಿಯೊಳಗೇ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಎಷ್ಟೋ ಫಿಲಂಗಳನ್ನು ಅದರಲ್ಲಿರುವ ಬೆಳ್ಳಿಗಾಗಿ ಕರಗಿಸಿದರು. ಈ ಚಿತ್ರವನ್ನು ತಯಾರಿಸಿದ ಎಂಜಿಎಂ ಸ್ಟುಡಿಯೊದ ಗೋದಾಮಿಗೆ 1965ರಲ್ಲಿ ಬೆಂಕಿ ಬಿದ್ದು ಅನೇಕ ಮೂಕಿ ಚಿತ್ರಗಳು ಸುಟ್ಟುಹೋದವು.

ಹಾಗಾದರೆ ಈ ಒಂದು ರೀಲು ಎಲ್ಲಿತ್ತು? ಮಾಸ್ಕೊದಲ್ಲಿ! ಸೋವಿಯತ್ ಕಾಲದ ಚಿತ್ರಭಂಡಾರ ಗೋಸ್‌ಫಿಲ್ಮೊಫಾಂಡ್‌ನಲ್ಲಿ 1993ರಲ್ಲಿ ಅದು ಪತ್ತೆಯಾಯಿತು, ರಷ್ಯನ್ ಭಾಷೆಯ ಫಲಕಗಳೊಂದಿಗೆ. ಇಂಥದ್ದು ಬೇರೆ ಕಡೆಯೂ ನಡೆದಿದೆ. ಪ್ರಿಂಟುಗಳು ಊರಿಂದೂರಿಗೆ ಸುತ್ತಿ ಕೊನೆಯ ಊರು ಸೇರುವಷ್ಟರಲ್ಲಿ ಸವೆದಿರುತ್ತಿದ್ದವು. ವಾಪಸು ತರಿಸುವ ಸಾಗಣೆ ಖರ್ಚು ದಂಡವೆಂದು ಕಂಪನಿಗಳು ಅಲ್ಲೇ ಬಿಡುತ್ತಿದ್ದವು. ಕೆನಡಾದ ಡಾಸನ್ ಸಿಟಿಯಲ್ಲಿ 1978ರಲ್ಲಿ ನೆಲ ಅಗೆಯುವಾಗ ನೂರಾರು ಮೂಕಿ ರೀಲುಗಳು ಸಿಕ್ಕಿದ್ದು ಹೀಗೆಯೇ. ಬೇಡವೆಂದು ಬಿಟ್ಟದ್ದು ಉಳಿಯಿತು, ಜೋಪಾನವಾಗಿ ಗೋದಾಮಿನಲ್ಲಿಟ್ಟದ್ದು ಸುಟ್ಟಿತು.

ಅಮೆರಿಕದಲ್ಲಿ 1912ರಿಂದ 1929ರವರೆಗೆ ಸುಮಾರು 11,000 ಪೂರ್ಣಪ್ರಮಾಣದ ಮೂಕಿ ಚಿತ್ರಗಳು ಬಂದವು. ಮೂಲ ರೂಪದಲ್ಲೇ ಉಳಿದಿರುವುದು ಶೇ 14 ಮಾತ್ರ ಎಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿತು. ಅಂದರೆ ಅಲ್ಲಿ ಕನಿಷ್ಠ ಲೆಕ್ಕವಾದರೂ ಇದೆ. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಪಿ.ಕೆ. ನಾಯರ್ ಊರೂರು ಅಲೆದು ಡಬ್ಬಿ ಹುಡುಕುವ ಹೊತ್ತಿಗೆ ಬಹುಪಾಲು ಹೋಗಿಯಾಗಿತ್ತು. ಈಗ ಮುಂಬೈಯ ಫಿಲಂ ಹೆರಿಟೇಜ್ ಫೌಂಡೇಶನ್ ಫಿಲಂ ಸಂರಕ್ಷಣೆಯ ತರಬೇತಿ ಶಿಬಿರ ನಡೆಸುತ್ತದೆ. ರಸಾಯನಶಾಸ್ತ್ರ ಓದಿ, ಸಿನಿಮಾ ಹುಚ್ಚೂ ಇರುವವರು ಒಮ್ಮೆ ವಿಚಾರಿಸಿ ನೋಡಬಹುದು.

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರದು. ಅದರ ಒಂದು ಪ್ರಿಂಟೂ ಉಳಿದಿಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅವರ ನಟನೆ ಹೇಗಿತ್ತೆಂದು ನೋಡಲು ನಮಗೆ 9 ನಿಮಿಷವೂ ಇಲ್ಲ.