ಕಾಲೇಜಿನಲ್ಲಿ ಕಲನಶಾಸ್ತ್ರ: ಯಾವ ತರಗತಿಯನ್ನು ಆರಿಸಬೇಕು?

ಪಿ.ಯು.ಸಿ. ಮುಗಿಸಿ ಪದವಿಯ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳುವ ಮಕ್ಕಳೂ, ಅಲ್ಲಿಯೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳೂ ಕಾಲೇಜಿನ ಹೊಸ್ತಿಲಲ್ಲಿಯೇ ಒಂದು ತೊಡಕನ್ನು ಎದುರಿಸುತ್ತಾರೆ. ಅಲ್ಲಿ ಕ್ಯಾಲ್ಕ್ಯುಲಸ್ ಎಂಬ ಒಂದೇ ಹೆಸರಿನ ಕೆಳಗೆ ಮೂರು ನಾಲ್ಕು ಬಗೆಯ ತರಗತಿಗಳಿರುತ್ತವೆ. ತನಗೆ ತಕ್ಕುದನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳತಕ್ಕದ್ದು. ಹೆಸರು ಒಂದಾದರೂ ವಸ್ತು ಒಂದಲ್ಲವೆಂಬುದನ್ನು ಗೃಹಸ್ಥರು ಮೊದಲು ತಿಳಿಯಬೇಕು.

ವಾಣಿಜ್ಯದ ವಿದ್ಯಾರ್ಥಿಗಳಿಗೆಂದು ಏರ್ಪಟ್ಟ ತರಗತಿಯಲ್ಲಿ ಸಾಮಾನ್ಯವಾಗಿ ತ್ರಿಕೋನಮಿತಿಯ ಸೋಂಕೇ ಇರದು. ಸುಲಭವೆಂದು ಅದನ್ನು ಹೊಕ್ಕವರು ಮರುವರ್ಷ ಇಂಜಿನಿಯರಿಂಗಿನ ಕಡೆಗೆ ಮನಸ್ಸು ತಿರುಗಿಸಿದರೆ, ಬಹುಪಾಲು ಕಡೆಗಳಲ್ಲಿ ಎರಡನೆಯ ಕ್ಯಾಲ್ಕ್ಯುಲಸ್ ತರಗತಿಗೆ ಪ್ರವೇಶ ದೊರೆಯದು, ಮೊದಲಿನಿಂದ ತೊಡಗಬೇಕು. ಅಲ್ಲಿಯ ಶುಲ್ಕವನ್ನು ಬಲ್ಲವರಿಗೆ ಈ ನಷ್ಟವನ್ನು ವಿವರಿಸಬೇಕಾಗಿಲ್ಲ. ಮತ್ತೊಂದು ತುದಿಯಲ್ಲಿರುವುದು ಸಿದ್ಧಾಂತಪ್ರಧಾನವಾದ ತರಗತಿ. 1967ರಲ್ಲಿ ಪ್ರಕಟವಾದ ಮೈಕೆಲ್ ಸ್ಪಿವಾಕರ ‘ಕ್ಯಾಲ್ಕ್ಯುಲಸ್’ ಇಂತಹ ತರಗತಿಗಳಲ್ಲಿ ಹೆಸರಾದ ಗ್ರಂಥ. ಅಲ್ಲಿ ಲೆಕ್ಕ ಬಿಡಿಸುವುದಕ್ಕಿಂತ ಪ್ರಮೇಯವನ್ನು ಸಾಧಿಸುವುದೇ ಮುಖ್ಯ. ಗಣಿತವನ್ನೇ ವ್ರತವಾಗಿ ಹಿಡಿಯುವವರಿಗೆ ಅದು ಅಮೃತಪ್ರಾಯ. ನೆರೆಮನೆಯವರ ಮಗ ಸೇರಿದನೆಂದು ಸೇರುವವರಿಗೆ ಏನಾಗುವುದೆಂಬುದನ್ನು ಓದುಗರ ಊಹೆಗೆ ಬಿಡುತ್ತೇವೆ.

ಇವೆರಡರ ನಡುವಿನ ಸಾಮಾನ್ಯ ತರಗತಿಯೇ ಹೆಚ್ಚಿನವರಿಗೆ ಯೋಗ್ಯವಾದುದು. ಆದರೆ ಅದರಲ್ಲಿಯೂ ಒಂದು ಪ್ರಲೋಭನವುಂಟು. ಅಲ್ಲಿಯ ಪ್ರೌಢಶಾಲೆಗಳಲ್ಲಿ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಪರೀಕ್ಷೆ ಇದೆ. ಅದರ ಎ.ಬಿ. ಪಾಠವು ಕಾಲೇಜಿನ ಮೊದಲ ಅರ್ಧವರ್ಷಕ್ಕೂ, ಬಿ.ಸಿ. ಪಾಠವು ಪೂರ್ಣ ವರ್ಷಕ್ಕೂ ಸಮಾನವೆಂದು ಗಣಿತವಾಗಿದೆ. ಅಂಕವು 1ರಿಂದ 5ರವರೆಗೆ. ಒಳ್ಳೆಯ ಅಂಕ ಬಂದರೆ ಮೊದಲ ತರಗತಿಯನ್ನು ದಾಟಿ ಮುಂದಿನದಕ್ಕೆ ಹೋಗಲು ಅನೇಕ ಕಾಲೇಜುಗಳು ಒಪ್ಪುತ್ತವೆ. ದಾಟಬಹುದೆಂದರೆ ದಾಟಲೇಬೇಕೆಂದು ಅರ್ಥವಲ್ಲ.

ಇದನ್ನು ನಿಶ್ಚಯಿಸಲು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಚೌಕದ ಬಾಹುವಿನ ವರ್ಗವನ್ನು ಅವಕಲನ ಮಾಡಿದರೆ ಬಾಹುವಿನ ಎರಡರಷ್ಟು ಬರುವುದೇಕೆಂದು ಕೇಳಿರಿ. ಸೂತ್ರವಿದೆ ಎಂಬುದು ಉತ್ತರವಲ್ಲ. ಬಾಹುವು ಎಳ್ಳಷ್ಟು ಹೆಚ್ಚಿದರೆ ಕ್ಷೇತ್ರಫಲವು ಎರಡು ಅಂಚುಗಳಲ್ಲಿ ಎರಡು ತೆಳು ಪಟ್ಟಿಗಳಷ್ಟೂ, ಮೂಲೆಯಲ್ಲಿ ಒಂದು ಪುಟ್ಟ ಚೌಕದಷ್ಟೂ ಬೆಳೆಯುವುದು. ಹೆಚ್ಚಳವು ಶೂನ್ಯವನ್ನು ಸಮೀಪಿಸಿದಂತೆಲ್ಲ ಮೂಲೆಯ ಚೌಕವು ಪಟ್ಟಿಗಳೆದುರು ನಗಣ್ಯವಾಗುವುದು. ಇಷ್ಟನ್ನು ಚಿತ್ರ ಬರೆದು ತೋರಿಸಿದವರು ಧೈರ್ಯವಾಗಿ ಮುಂದಿನ ತರಗತಿಗೆ ಹೋಗಲಿ. (1150ರ ಸಿದ್ಧಾಂತಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯನ್ನು ವಿಚಾರಿಸಿದ ಭಾಸ್ಕರಾಚಾರ್ಯನು ಈ ‘ಏಕೆ’ಯ ಬಾಗಿಲಿಗೇ ಬಂದಿದ್ದನು, ಅದು ಬೇರೊಂದು ಲೇಖನಕ್ಕೆ ವಿಷಯ.)

ಎರಡು ಸಂಖ್ಯೆಗಳ ಮೊತ್ತದ ವರ್ಗವನ್ನು ಅವುಗಳ ವರ್ಗಗಳ ಮೊತ್ತವೆಂದೇ ಬರೆದುಬಿಡುವವರೂ ಉಂಟು. ಅವರು ಆ ಎರಡು ಪಟ್ಟಿಗಳನ್ನೇ ಮರೆತಂತಾಯಿತು. ಅವರಿಗೆ ಬೇಕಾದುದು ಮೊದಲು ಬೀಜಗಣಿತ. ನಮ್ಮ ಅನುಭವದಲ್ಲಿ ಕಲನಶಾಸ್ತ್ರದಲ್ಲಿ ಎಡವಿದವರಲ್ಲಿ ಹೆಚ್ಚಿನವರು ಎಡವಿದ್ದು ಬೀಜಗಣಿತದ ಕಲ್ಲಿಗೇ. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯವೇ 2024ರಲ್ಲಿ ಬೀಜಗಣಿತದ ಅಡಿಪಾಯವನ್ನು ಭದ್ರಪಡಿಸುತ್ತ ಕ್ಯಾಲ್ಕ್ಯುಲಸ್ ಕಲಿಸಲು ವಾರಕ್ಕೆ 5 ದಿನಗಳ ಹೊಸ ತರಗತಿಯನ್ನು ತೆರೆಯಿತು.

ಆರಿಸಿದ ಮೇಲೂ ತರಗತಿಯನ್ನು ಬದಲಾಯಿಸಲು ಸಾಮಾನ್ಯವಾಗಿ ಒಂದೆರಡು ವಾರಗಳ ಅವಕಾಶವಿರುತ್ತದೆ. ಆ ದಿನಗಳಲ್ಲಿ ಮೊದಲ ಅಭ್ಯಾಸದ ಲೆಕ್ಕಗಳನ್ನು ಯಾರ ನೆರವೂ ಇಲ್ಲದೆ ಬಿಡಿಸಿ ನೋಡಲಿ. ಗಡುವಿನ ದಿನಾಂಕವು ಕಾಲೇಜಿನ ಕಾರ್ಯಕ್ರಮಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದನ್ನು ಮನೆಯ ಪಂಚಾಂಗದಲ್ಲಿಯೂ ಗುರುತುಹಾಕಿಕೊಳ್ಳುವುದು ಲೇಸು.